ಪೈಥಾನ್ ರೆಜೆಕ್ಸ್ ‘ಕನ್ನಡ’ವನ್ನು ಎರಡು ತುಂಡು ಮಾಡುತ್ತಿದೆ. ಇದನ್ನು ಬಗ್ ಎಂದು ವರದಿ ಮಾಡಬಹುದೇ?

ಪದಸಂಖ್ಯೆ (ಪ್ರಶ್ನೆ)

ಕನ್ನಡ ಪಠ್ಯದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ಸ್ಕ್ರಿಪ್ಟ್ ಇದು. ಉಬುಂಟು 24.04, ಅದರ ಜೊತೆಗೇ ಬರುವ ಪೈಥಾನ್ 3.12. ‘ಆರ್‌ಇ’ ಮಾಡ್ಯೂಲಿನ ಫೈಂಡ್‌ಆಲ್‌ಗೆ ‘\ಡಬ್ಲ್ಯು+’ ಪ್ಯಾಟರ್ನ್ (ಒಂದು ಪದದ ಅಕ್ಷರಗಳನ್ನೆಲ್ಲ ಒಟ್ಟಿಗೆ ಹಿಡಿಯಬೇಕಾದ ರೆಜೆಕ್ಸ್, ಅಂದರೆ ಪಠ್ಯದಲ್ಲಿ ಹುಡುಕುವ ನಮೂನೆ) ಕೊಟ್ಟರೆ ಸಿಗುವುದು ಇಷ್ಟು:

ಮರ → ['ಮರ']
ಕನ್ನಡ → ['ಕನ', 'ನಡ']
ಕರ್ನಾಟಕ → ['ಕರ', 'ನ', 'ಟಕ']

ಒತ್ತಾಗಲಿ ಗುಣಿತದ ಚಿಹ್ನೆಯಾಗಲಿ ಬಂದ ಜಾಗದಲ್ಲೆಲ್ಲ ಪದ ಮುರಿಯುತ್ತಿದೆ, ಆ ಚಿಹ್ನೆಯೂ ಕಾಣೆಯಾಗುತ್ತಿದೆ. 'ಕನ್ನಡ' ಮೇಲೆ ಇಸ್‌ಆಲ್ಫಾ (ಎಲ್ಲವೂ ಅಕ್ಷರಗಳೇ ಎಂಬ ಪರೀಕ್ಷೆ) ಕರೆದರೆ ಫಾಲ್ಸ್ ಬರುತ್ತದೆ.

ಇನ್ನೊಂದು. ಹಳಗನ್ನಡದ ೞ ಅಕ್ಷರದ ಹೆಸರನ್ನು ಯೂನಿಕೋಡ್‌ಡೇಟಾ ಮಾಡ್ಯೂಲಿಗೆ ಕೇಳಿದರೆ ‘ಕನ್ನಡ ಲೆಟರ್ ಎಫ್‌ಎ’ ಎನ್ನುತ್ತದೆ. ೞಕ್ಕೂ ಎಫ್‌ಎಗೂ ಏನು ಸಂಬಂಧ?

ಇವೆರಡೂ ಬಗ್ಗುಗಳೇ? ಹೌದಾದರೆ ವರದಿ ಎಲ್ಲಿ, ಹೇಗೆ? ಸಿ ಭಾಷೆ ಅಷ್ಟಿಷ್ಟು ಬರುತ್ತದೆ. ತಿದ್ದುಪಡಿಯನ್ನೂ ನಾನೇ ಕಳಿಸುವುದಾದರೆ ಎಲ್ಲಿಂದ ಶುರು ಮಾಡಬೇಕು?

---

ಅರ್ಕಾವತ್ತು

ಮೊದಲನೆಯದು ಹಳೆಯ ದೂರು. ಪೈಥಾನಿನ ಹಿಂದಿನ ಟ್ರ್ಯಾಕರಿನಲ್ಲಿ (ಬಗ್ ವರದಿಗಳನ್ನು ದಾಖಲಿಸುವ ತಾಣ) 2007ರಲ್ಲೇ 1693050 ಎಂಬ ಸಂಖ್ಯೆಯಲ್ಲಿ ದಾಖಲಾಗಿದೆ. ರೋಮನ್ ಅಲ್ಲದ ಲಿಪಿಗಳಿಗೆ ‘\ಡಬ್ಲ್ಯು’ ಉಪಯೋಗಕ್ಕೆ ಬರುತ್ತಿಲ್ಲ ಎಂಬುದೇ ಅದರ ಸಾರ. 2011ರಲ್ಲಿ 12731 ಎಂಬ ಇನ್ನೊಂದು ವರದಿ ಬಂತು. ಯೂನಿಕೋಡ್ ಸಂಸ್ಥೆ ರೆಜೆಕ್ಸ್‌ಗಳಿಗೆಂದು ಮಾಡಿದ ಯುಟಿಎಸ್ 18 ನಿಯಮಕ್ಕೆ ಇದು ಹೊಂದುವುದಿಲ್ಲ ಎಂದು ಅದು ವಾದಿಸಿತು. ನಡವಳಿಕೆ ಮಾತ್ರ ಹಾಗೇ ಇದೆ.

ಕಾರಣ ನೋಡಿ. ಕಣ್ಣಿಗೆ ‘ಕನ್ನಡ’ ಮೂರು ಅಕ್ಷರ, ಯೂನಿಕೋಡಿಗೆ ಐದು ಸಂಕೇತ: ಕ, ನ, ಹಲಂತದ ಚಿಹ್ನೆ, ನ, ಡ. ವ್ಯಂಜನಗಳು ‘ಎಲ್‌ಒ’ ವರ್ಗದವು, ಅಂದರೆ ಅಕ್ಷರಗಳು. ಹಲಂತ ‘ಎಂಎನ್’ ವರ್ಗದ್ದು, ದೀರ್ಘದ ಚಿಹ್ನೆ ‘ಎಂಸಿ’. ಇವು ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟಿಕೊಳ್ಳುವ ಚಿಹ್ನೆಗಳು. ರೆಜೆಕ್ಸ್ ಎಂಜಿನ್ನಿನ ಮೂಲ ‘ಮಾಡ್ಯೂಲ್ಸ್/_ಎಸ್‌ಆರ್‌ಇ/ಎಸ್‌ಆರ್‌ಇ.ಸಿ’ ಫೈಲಿನಲ್ಲಿದೆ (3.11ಕ್ಕಿಂತ ಹಿಂದೆ ‘ಮಾಡ್ಯೂಲ್ಸ್/_ಎಸ್‌ಆರ್‌ಇ.ಸಿ’). ಅಲ್ಲಿ ‘\ಡಬ್ಲ್ಯು’ಗೆ ಇರುವ ಪರೀಕ್ಷೆ ಒಂದೇ ಸಾಲಿನದು: ಇಸ್‌ಆಲ್‌ನಮ್ ಹೌದೆನ್ನಬೇಕು, ಇಲ್ಲವೇ ಅದು ಅಂಡರ್‌ಸ್ಕೋರ್ ಆಗಿರಬೇಕು. ಇಸ್‌ಆಲ್‌ನಮ್ ಅಕ್ಷರ ಮತ್ತು ಅಂಕೆಗಳನ್ನಷ್ಟೇ ಒಪ್ಪುತ್ತದೆ. ಹಲಂತ ಬಂದ ಕ್ಷಣ ಪದ ಮುಗಿಯಿತು.

ಬಗ್ ಹೌದೋ ಅಲ್ಲವೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಆರ್‌ಇ ಮಾಡ್ಯೂಲಿನ ದಸ್ತಾವೇಜಿನಲ್ಲಿ ‘\ಡಬ್ಲ್ಯು’ ಎಂದರೆ ಇಸ್‌ಆಲ್‌ನಮ್ ಒಪ್ಪುವ ಸಂಕೇತಗಳು ಮತ್ತು ಅಂಡರ್‌ಸ್ಕೋರ್ ಎಂದೇ ಬರೆದಿದೆ. ಇಸ್‌ಆಲ್ಫಾ ಯಾವ ಯಾವ ವರ್ಗಗಳನ್ನು ಒಪ್ಪುತ್ತದೆ ಎಂಬ ಪಟ್ಟಿಯೂ ದಸ್ತಾವೇಜಿನಲ್ಲೇ ಇದೆ. ಬರೆದದ್ದಕ್ಕೂ ನಡೆಯುವುದಕ್ಕೂ ತಾಳೆಯಾಗುತ್ತಿದ್ದರೆ ಟ್ರ್ಯಾಕರಿನ ಲೆಕ್ಕದಲ್ಲಿ ಅದು ಬಗ್ ಅಲ್ಲ, ವಿನ್ಯಾಸದ ಕೊರತೆ. ಕನ್ನಡಕ್ಕೆ ಇದರಿಂದ ಅನ್ಯಾಯವಾಗುತ್ತಿದೆ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹೊಸ ವರದಿ ಹಾಕಿದರೆ ‘ನಕಲು’ ಎಂದು ಮುಚ್ಚಿಬಿಡುತ್ತಾರೆ, ಅಷ್ಟೇ. ನಡವಳಿಕೆಯೇ ಬದಲಾಗಬೇಕಾದರೆ ಪೈಥಾನಿನ ಚರ್ಚಾ ತಾಣದ ‘ಐಡಿಯಾಸ್’ ವಿಭಾಗದಲ್ಲಿ ಪ್ರಸ್ತಾಪ ಇಡಬೇಕು. ಅಲ್ಲಿ ಮೊದಲು ಕೇಳುವ ಪ್ರಶ್ನೆಗೆ ಉತ್ತರ ಕೈಯಲ್ಲಿರಲಿ: ಪದದ ಗಡಿ ಹುಡುಕುವ ‘\ಬಿ’ ಕೂಡ ಇದೇ ಪರೀಕ್ಷೆಯ ಮೇಲೆ ನಿಂತಿದೆ, ಬಳಕೆದಾರರ ಹೆಸರು ತಪಾಸಣೆ ಮಾಡುವ ಎಷ್ಟೋ ಪ್ರೋಗ್ರಾಮುಗಳೂ ‘\ಡಬ್ಲ್ಯು’ವನ್ನೇ ನಂಬಿವೆ. ಇದ್ದಕ್ಕಿದ್ದಂತೆ ಅದರ ಅರ್ಥ ಹಿಗ್ಗಿದರೆ ಅವುಗಳ ಗತಿಯೇನು?

ನಿಮ್ಮ ಪರವಾಗಿ ಒಂದು ಗಟ್ಟಿ ವಾದವಿದೆ. 'ಕನ್ನಡ' ಮೇಲೆ ಇಸ್‌ಐಡೆಂಟಿಫೈಯರ್ ಕರೆದು ನೋಡಿ, ಟ್ರೂ ಬರುತ್ತದೆ. ‘ಕನ್ನಡ = 5’ ಎಂದು ವೇರಿಯಬಲ್ ಹೆಸರಿಡಲು ಪೈಥಾನ್ ಬಿಡುತ್ತದೆ, ಯಾಕೆಂದರೆ ಹೆಸರುಗಳ ನಿಯಮ ಈ ಚಿಹ್ನೆಗಳನ್ನೂ ಒಳಗೆ ಸೇರಿಸಿಕೊಂಡಿದೆ. ಒಂದೇ ಭಾಷೆಯ ಎರಡು ಭಾಗಗಳು ‘ಪದ’ ಎಂಬುದನ್ನು ಎರಡು ಥರ ಅರ್ಥ ಮಾಡಿಕೊಂಡಿವೆ.

ಇವತ್ತಿನ ಕೆಲಸಕ್ಕೆ ಪಿಪ್‌ನಿಂದ ‘ರೆಜೆಕ್ಸ್’ ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ಅದರ ‘\ಡಬ್ಲ್ಯು+’ಗೆ ‘ಕನ್ನಡ’ ಇಡಿಯಾಗಿ ಸಿಗುತ್ತದೆ. ಹೊರಗಿನ ಪ್ಯಾಕೇಜ್ ಬೇಡವೆಂದರೆ ಯೂನಿಕೋಡಿನ ಕನ್ನಡ ಬ್ಲಾಕಿನ 128 ಸ್ಥಾನಗಳನ್ನೂ ಒಂದು ಚೌಕ ಕಂಸದೊಳಗೆ ಶ್ರೇಣಿಯಾಗಿ ಕೊಡಿ. ಕನ್ನಡ ಅಂಕೆಗಳೂ ಆ ಬ್ಲಾಕಿನಲ್ಲೇ ಇವೆ, ಬೇಡದಿದ್ದರೆ ಬಿಡಿಸಿಕೊಳ್ಳಿ.

ೞ ವಿಷಯದಲ್ಲಿ ಪೈಥಾನಿನ ತಪ್ಪೇನೂ ಇಲ್ಲ. ಯೂನಿಕೋಡಿನಲ್ಲೇ ಆ ಅಕ್ಷರಕ್ಕೆ ತಪ್ಪು ಹೆಸರು ಬಿದ್ದಿದೆ, ಮತ್ತು ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಅವರ ನಿಯಮ. ಅದರ ಬದಲು ‘ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ’ ಎಂದು ತಿದ್ದುಪಡಿಯ ಅಡ್ಡಹೆಸರನ್ನು ಅಧಿಕೃತವಾಗಿ ಕೊಟ್ಟಿದ್ದಾರೆ. ಪೈಥಾನ್ 3.3ರಿಂದ ಈಚೆಗೆ ಲುಕಪ್ ಫಂಕ್ಷನ್ನಿಗೆ ಆ ಅಡ್ಡಹೆಸರು ಕೊಟ್ಟರೂ ೞ ಸಿಗುತ್ತದೆ. ನೇಮ್ ಫಂಕ್ಷನ್ ಮಾತ್ರ ಮೂಲ ಹೆಸರನ್ನೇ ಹೇಳುತ್ತದೆ, ಹೇಳಲೂಬೇಕು.

---

ಕಣ್ಣಿಗೆಕಾಣದ್ದು

ಮೇಲಿನ ಶ್ರೇಣಿಯ ಉಪಾಯಕ್ಕೆ ಒಂದು ತಿದ್ದುಪಡಿ. ‘ಪೈಥಾನ್‌ನಲ್ಲಿ’ ಎಂಬ ಪದವನ್ನೇ ಅದಕ್ಕೆ ಕೊಟ್ಟು ನೋಡಿ. ‘ಪೈಥಾನ್’ ಒಂದು, ‘ನಲ್ಲಿ’ ಒಂದು, ಹೀಗೆ ಎರಡು ಪದ ಸಿಗುತ್ತದೆ. ಮಧ್ಯೆ ನ ಒತ್ತಾಗದಂತೆ ತಡೆಯುವ ಕಾಣದ ಸಂಕೇತವೊಂದಿದೆ, ಝೀರೋ ವಿಡ್ತ್ ನಾನ್ ಜಾಯ್ನರ್. ‘ರ್‍ಯಾಂಕ್’ ಪದದಲ್ಲಿ ಅದರ ಜೋಡಿ ಝೀರೋ ವಿಡ್ತ್ ಜಾಯ್ನರ್ ಇರುತ್ತದೆ. ಎರಡೂ ಕನ್ನಡ ಬ್ಲಾಕಿನ ಹೊರಗಿನವು, ವರ್ಗ ‘ಸಿಎಫ್’. ಯಾವ ಉಪಾಯ ಬಳಸಿದರೂ ಈ ಎರಡನ್ನೂ ಚೌಕ ಕಂಸದಲ್ಲಿ ಕೈಯಾರೆ ಸೇರಿಸಿಬಿಡಿ.

ಎಣಿಸುವ ಮೊದಲು ಪಠ್ಯವನ್ನು ‘ಎನ್‌ಎಫ್‌ಸಿ’ ರೂಪಕ್ಕೆ ನಾರ್ಮಲೈಸ್ ಮಾಡಿ, ಅಂದರೆ ಬಿಡಿ ಸಂಕೇತಗಳನ್ನು ಕೂಡಿಸಿ ಒಂದೇ ಬಗೆಯ ಬರವಣಿಗೆಗೆ ತನ್ನಿ. ಕೋ ಎಂಬುದರ ಓತ್ವದ ಚಿಹ್ನೆ ಒಂದೇ ಸಂಕೇತವಾಗಿಯೂ ಬರಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಬರಬಹುದು. ಪರದೆಯ ಮೇಲೆ ವ್ಯತ್ಯಾಸವೇ ಕಾಣುವುದಿಲ್ಲ, ಎಣಿಕೆಯಲ್ಲಿ ಮಾತ್ರ ಎರಡು ಬೇರೆ ಪದಗಳಾಗಿ ನಿಲ್ಲುತ್ತವೆ.

---

ಮೂಲಸಂಕೇತ

ವರದಿ ಮಾಡುವ ಬಗ್ಗೆ ಹೇಳುತ್ತೇನೆ. ಈ ಸಮಸ್ಯೆಗಲ್ಲದಿದ್ದರೂ ನಾಳೆ ಇನ್ನೊಂದಕ್ಕೆ ಬೇಕಾಗುತ್ತದೆ.

ಸಿಪೈಥಾನಿನ (ಸಿ ಭಾಷೆಯಲ್ಲಿ ಬರೆದ, ನಾವು ಬಳಸುವ ಮೂಲ ಪೈಥಾನ್) ಬಗ್ ಟ್ರ್ಯಾಕರ್ 2022ರ ಏಪ್ರಿಲ್‌ನಲ್ಲಿ ಗಿಟ್‌ಹಬ್‌ಗೆ ಬಂತು. ಹಳೆಯ ವರದಿಗಳನ್ನೂ ಹೊಸ ಸಂಖ್ಯೆ ಕೊಟ್ಟು ಅಲ್ಲಿಗೇ ತಂದಿದ್ದಾರೆ. ಹುಡುಕುವಾಗ ತೆರೆದಿರುವ ವರದಿಗಳನ್ನಷ್ಟೇ ನೋಡಿದರೆ ಸಾಲದು. ಗಿಟ್‌ಹಬ್ ತಾನಾಗಿ ಹಾಕಿಕೊಳ್ಳುವ ‘ಓಪನ್’ ಸೋಸುವಿಕೆಯನ್ನು ತೆಗೆದು ಮುಚ್ಚಿದವುಗಳಲ್ಲೂ ಹುಡುಕಿ. ನಿಮ್ಮ ಪ್ರಶ್ನೆಗೆ ‘ಇದು ಯಾಕೆ ಹೀಗಿದೆ’ ಎಂಬ ಉತ್ತರ ಮುಚ್ಚಿದ ವರದಿಯ ಹತ್ತನೇ ಕಾಮೆಂಟಿನಲ್ಲಿ ಇದ್ದರೂ ಇರಬಹುದು.

ಆಮೇಲೆ ತಪ್ಪು ಪೈಥಾನಿನದ್ದೇ ಎಂದು ಖಚಿತ ಮಾಡಿಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ. ಕೆಲಸದ ಫೋಲ್ಡರಿನಲ್ಲಿ ‘ರ್‍ಯಾಂಡಮ್.ಪಿವೈ’ ಎಂಬಂಥ ಸ್ವಂತ ಫೈಲ್ ಇದ್ದರೆ ಪೈಥಾನ್ ತನ್ನ ಮಾಡ್ಯೂಲ್ ಬಿಟ್ಟು ಅದನ್ನೇ ಇಂಪೋರ್ಟ್ ಮಾಡುತ್ತದೆ. 3.13ರಿಂದ ದೋಷ ಸಂದೇಶವೇ ‘ಈ ಫೈಲಿನ ಹೆಸರು ಬದಲಿಸಿ ನೋಡಿ’ ಎಂದು ಸೂಚಿಸುತ್ತದೆ. ಹಳೆಯದರಲ್ಲಿ ನೀವೇ ಹುಡುಕಬೇಕು. ‘-ಐ’ ದೊಡ್ಡಕ್ಷರದ ಆಯ್ಕೆ ಕೊಟ್ಟು ಓಡಿಸಿದರೆ ಪೈಥಾನ್ ಪ್ರತ್ಯೇಕ ಮೋಡಿಗೆ ಹೋಗುತ್ತದೆ, ಪರಿಸರದ ವೇರಿಯಬಲ್‌ಗಳನ್ನೂ ನಿಮ್ಮ ಬಳಕೆದಾರ ಪ್ಯಾಕೇಜುಗಳನ್ನೂ ಮುಟ್ಟುವುದಿಲ್ಲ. ಅಲ್ಲಿ ತಪ್ಪು ಮಾಯವಾದರೆ ಕಾರಣ ನಿಮ್ಮ ಯಂತ್ರದಲ್ಲೇ ಇದೆ. ಲಿನಕ್ಸ್ ವಿತರಣೆಗಳು ಪೈಥಾನಿಗೆ ತಮ್ಮದೇ ಪ್ಯಾಚ್ ಹಾಕಿರುತ್ತವೆ. ಹಾಗಾಗಿ ಉಬುಂಟುವಿನ ಪೈಥಾನ್ ಒಂದರಲ್ಲೇ ಪರೀಕ್ಷಿಸಿ ವರದಿ ಮಾಡಬೇಡಿ, ಮೂಲದಿಂದ ಬಿಲ್ಡ್ ಮಾಡಿದ್ದರಲ್ಲೂ ನೋಡಿ.

ಆವೃತ್ತಿಯ ಗೊಂದಲವೂ ಉಂಟು. ಅಕ್ಷರದ ಬಲ ಮೇಲ್ಭಾಗದಲ್ಲಿ ಕೂರುವ ಹೊಸ ಅನುಸ್ವಾರದ ಚಿಹ್ನೆ ಯೂನಿಕೋಡ್ 15.0ರಲ್ಲಿ ಕನ್ನಡ ಬ್ಲಾಕಿಗೆ ಸೇರಿತು. ಪೈಥಾನ್ 3.11ರ ಒಳಗಿರುವುದು ಯೂನಿಕೋಡ್ 14.0ರ ಕೋಷ್ಟಕ. ಅದಕ್ಕೆ ಈ ಚಿಹ್ನೆಯ ಹೆಸರು ಕೇಳಿದರೆ ‘ಅಂಥ ಹೆಸರಿಲ್ಲ’ ಎಂದು ವ್ಯಾಲ್ಯೂಎರರ್ ಎಸೆಯುತ್ತದೆ. 3.12ರಲ್ಲಿ 15.0 ಇದೆ, ಅಲ್ಲಿ ಹೆಸರು ಬರುತ್ತದೆ. ಇದು ಬಗ್ ಅಲ್ಲ. ಯೂನಿಕೋಡ್‌ಡೇಟಾ ಮಾಡ್ಯೂಲಿನ ‘ಯೂನಿಡೇಟಾ_ವರ್ಷನ್’ ಮೌಲ್ಯ ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ವರದಿ. ‘ಕನ್ನಡ ಕೆಲಸ ಮಾಡುತ್ತಿಲ್ಲ’ ಎಂಬ ಶೀರ್ಷಿಕೆ ಯಾರನ್ನೂ ನಿಲ್ಲಿಸುವುದಿಲ್ಲ. ಯಾವ ಫಂಕ್ಷನ್, ಯಾವ ಇನ್‌ಪುಟ್, ಏನು ಬಂತು ಎಂಬುದು ಶೀರ್ಷಿಕೆಯಲ್ಲೇ ಇರಬೇಕು. ಒಳಗೆ, ಅಂಟಿಸಿದ ಕೂಡಲೇ ಓಡುವ ಐದಾರು ಸಾಲಿನ ಕೋಡ್, ಬಂದ ಫಲಿತಾಂಶ, ದಸ್ತಾವೇಜಿನ ಯಾವ ವಾಕ್ಯದ ಪ್ರಕಾರ ಏನು ಬರಬೇಕಿತ್ತು, ಮತ್ತು ‘ಪೈಥಾನ್ -ವಿವಿ’ (ಎರಡೂ ದೊಡ್ಡಕ್ಷರ) ತೋರಿಸುವ ಪೂರ್ತಿ ಸಾಲು. ಪರದೆಯ ಚಿತ್ರ ಹಾಕಬೇಡಿ, ಅದರಿಂದ ಕೋಡ್ ನಕಲು ಮಾಡಲು ಬರುವುದಿಲ್ಲ.

ಕನ್ನಡದ ಬಗ್ಗಿಗೆ ಮಾತ್ರ ಬೇಕಾದ ಒಂದು ಮಾತು: ವರದಿ ಓದುವವರಿಗೆ ಕನ್ನಡ ಬರುವುದಿಲ್ಲ, ಅವರ ಯಂತ್ರದಲ್ಲಿ ಕನ್ನಡ ಫಾಂಟ್ ಕೂಡ ಇಲ್ಲದಿರಬಹುದು. ಪದವನ್ನು ಆಸ್ಕಿ ಫಂಕ್ಷನ್ನಿಗೆ ಕೊಟ್ಟು, ಅದು ಕೊಡುವ ಎಸ್ಕೇಪ್ ರೂಪವನ್ನೂ ಪಕ್ಕದಲ್ಲಿ ಹಾಕಿ. ಕಾಣದ ಜಾಯ್ನರುಗಳೂ ಆಗ ಕಣ್ಣಿಗೆ ಬೀಳುತ್ತವೆ. ‘ಇಲ್ಲಿ ಮೂರನೆಯದು ಹಲಂತ, ವರ್ಗ ಎಂಎನ್’ ಎಂದು ಒಂದು ಸಾಲು ಬರೆದರೆ ಓದುವವರ ಅರ್ಧ ಗಂಟೆ ಉಳಿಯುತ್ತದೆ.

ಹೊರಗಿನಿಂದ ಬಂದ ಡೇಟಾದಿಂದ ಪೈಥಾನ್ ಬಿದ್ದುಹೋಗುತ್ತದೆ, ಅಥವಾ ಯಾರೋ ಅದನ್ನು ದುರುಪಯೋಗ ಮಾಡಬಹುದು ಅನ್ನಿಸಿದರೆ ಸಾರ್ವಜನಿಕ ಟ್ರ್ಯಾಕರಿಗೆ ಹಾಕಲೇಬೇಡಿ. ಪೈಥಾನಿನ ಭದ್ರತಾ ತಂಡಕ್ಕೆ ಖಾಸಗಿಯಾಗಿ ಬರೆಯಬೇಕು. ವಿಳಾಸ ಪೈಥಾನ್ ತಾಣದ ‘ಸೆಕ್ಯುರಿಟಿ’ ಪುಟದಲ್ಲಿದೆ.

---

ಮೇಕ್‌ಫೈಲ್

ನಾನು ತಿದ್ದುಪಡಿಯ ಭಾಗ ಹೇಳುತ್ತೇನೆ. ಕಮಾಂಡುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಗಿಟ್‌ಹಬ್‌ನಲ್ಲಿ ಸಿಪೈಥಾನ್ ರೆಪೋ ಫೋರ್ಕ್ ಮಾಡಿ (ನಿಮ್ಮ ಖಾತೆಗೆ ಪ್ರತಿ), ಕ್ಲೋನ್ ಮಾಡಿ (ನಿಮ್ಮ ಯಂತ್ರಕ್ಕೆ ಪ್ರತಿ). ಒಳಗೆ ಹೋಗಿ ‘./ಕಾನ್ಫಿಗರ್ --ವಿತ್-ಪೈಡೀಬಗ್’, ಆಮೇಲೆ ‘ಮೇಕ್ -ಜೆ4’. ಪೈಡೀಬಗ್ ಬಿಡಬೇಡಿ. ಅದಿದ್ದರೆ ಸಿ ಕೋಡಿನೊಳಗಿನ ಅಸರ್ಟ್‌ಗಳು ಜೀವಂತವಾಗಿರುತ್ತವೆ, ರೆಫರೆನ್ಸ್ ಎಣಿಕೆ ತಪ್ಪಿದರೂ ಪತ್ತೆಯಾಗುತ್ತದೆ. ‘ಮೇಕ್ ಇನ್‌ಸ್ಟಾಲ್’ ಮಾಡುವ ಅಗತ್ಯವೇ ಇಲ್ಲ, ಅದೇ ಫೋಲ್ಡರಿನಿಂದ ‘./ಪೈಥಾನ್’ ಎಂದು ಓಡಿಸಿ. ಮುಂದಿನ ಡಾಟ್-ಸ್ಲ್ಯಾಶ್ ಮರೆತರೆ ಓಡುವುದು ಸಿಸ್ಟಂನ ಪೈಥಾನ್, ಆಗ ‘ತಿದ್ದಿದರೂ ಬದಲಾಗುತ್ತಿಲ್ಲ’ ಎಂದು ಇಡೀ ದಿನ ಹೋಗುತ್ತದೆ. ಮ್ಯಾಕ್‌ನಲ್ಲಿ ಹುಟ್ಟುವ ಫೈಲಿನ ಹೆಸರು ‘ಪೈಥಾನ್.ಎಕ್ಸ್‌ಇ’. ದೊಡ್ಡಕ್ಷರ ಸಣ್ಣಕ್ಷರಕ್ಕೆ ಭೇದ ಮಾಡದ ಆ ಫೈಲ್ ಸಿಸ್ಟಂನಲ್ಲಿ, ಅಲ್ಲೇ ಇರುವ ‘ಪೈಥಾನ್’ ಎಂಬ ಫೋಲ್ಡರಿಗೆ ಹೆಸರು ಡಿಕ್ಕಿಯಾಗದಿರಲಿ ಎಂದು ಹಾಗೆ. ‘ಲಿಬ್’ ಫೋಲ್ಡರಿನ ಪೈಥಾನ್ ಫೈಲ್ ತಿದ್ದಿದರೆ ಮತ್ತೆ ಬಿಲ್ಡ್ ಬೇಡ. ಸಿ ಫೈಲ್ ಮುಟ್ಟಿದರೆ ‘ಮೇಕ್’ ಬೇಕೇ ಬೇಕು.

ತಿದ್ದುವ ಮೊದಲು ಟೆಸ್ಟ್ ಬರೆಯಿರಿ. ರೆಜೆಕ್ಸ್‌ನದಾದರೆ ‘ಲಿಬ್/ಟೆಸ್ಟ್/ಟೆಸ್ಟ್_ಆರ್‌ಇ.ಪಿವೈ’ ಒಳಗೆ. ತಿದ್ದದೆ ಓಡಿಸಿದಾಗ ಅದು ಸೋಲಬೇಕು, ತಿದ್ದಿದ ಮೇಲೆ ಗೆಲ್ಲಬೇಕು. ಮೊದಲೇ ಗೆದ್ದರೆ ನೀವು ಹಿಡಿದದ್ದು ಆ ಬಗ್ ಅಲ್ಲ. ಓಡಿಸಲು ‘./ಪೈಥಾನ್ -ಎಂ ಟೆಸ್ಟ್ -ವಿ ಟೆಸ್ಟ್_ಆರ್‌ಇ’. ಸಿ ಕೋಡ್ ಮುಟ್ಟಿದ್ದರೆ ಜೊತೆಗೆ ‘-ಆರ್ 3:3’ (ದೊಡ್ಡಕ್ಷರದ ಆರ್) ಕೊಟ್ಟು ಇನ್ನೊಮ್ಮೆ. ಮೂರು ಸಲ ಬೆಚ್ಚಗಾಗಲು, ಮೂರು ಸಲ ಲೆಕ್ಕಕ್ಕೆ. ರೆಫರೆನ್ಸ್ ಸೋರಿದರೆ ಅಲ್ಲೇ ಹೇಳುತ್ತದೆ. ಕೊನೆಗೆ ಪೂರ್ತಿ ಟೆಸ್ಟ್‌ಗಳನ್ನು ‘-ಜೆ0’ ಹಾಕಿ ಓಡಿಸಿ, ಇರುವ ಕೋರ್‌ಗಳನ್ನೆಲ್ಲ ಬಳಸಿಕೊಳ್ಳುತ್ತದೆ.

ಮೊದಲು ಸರಿಯಿದ್ದು ಈಗ ಕೆಟ್ಟಿದ್ದರೆ ‘ಗಿಟ್ ಬೈಸೆಕ್ಟ್’ ಮಾಡಿ (ಕೆಟ್ಟದ್ದು ಯಾವ ಕಮಿಟ್ ಎಂದು ಅರ್ಧರ್ಧ ಮಾಡುತ್ತ ಹುಡುಕುವ ಕಮಾಂಡ್). ಸರಿಯಿದ್ದ ಟ್ಯಾಗಿಗೂ ‘ಮೇನ್’ಗೂ ನಡುವೆ 5000 ಕಮಿಟ್ ಇದ್ದರೂ 13 ಬಿಲ್ಡಿನೊಳಗೆ ಅಪರಾಧಿ ಕಮಿಟ್ ಸಿಗುತ್ತದೆ. ‘ಬೈಸೆಕ್ಟ್ ರನ್’ಗೆ ಕೊಡುವ ಸ್ಕ್ರಿಪ್ಟಿನಲ್ಲಿ ಮೂರು ಎಚ್ಚರ:

- ಬಿಲ್ಡ್ ಆಗದ ಕಮಿಟ್ ಬಂದರೆ 125 ಸಂಕೇತ ಹಿಂದಿರುಗಿಸಿ. ಅದನ್ನು ಬಿಟ್ಟು ಮುಂದೆ ಹೋಗುತ್ತದೆ. 1 ಕೊಟ್ಟರೆ ತಪ್ಪು ಕಮಿಟ್‌ಗೆ ಬೆರಳು ತೋರಿಸುತ್ತದೆ.
- ಪೈಥಾನ್ ಸೆಗ್‌ಫಾಲ್ಟ್ ಆದರೆ ಶೆಲ್ ಕೊಡುವುದು 139. 127ಕ್ಕಿಂತ ಮೇಲಿನ ಸಂಕೇತ ಕಂಡರೆ ಬೈಸೆಕ್ಟ್ ಅರ್ಧಕ್ಕೇ ನಿಲ್ಲುತ್ತದೆ. ಸ್ಕ್ರಿಪ್ಟಿನೊಳಗೆ ಅದನ್ನು 1 ಮಾಡಿ ಕಳಿಸಿ.
- ಸ್ಕ್ರಿಪ್ಟನ್ನು ರೆಪೋದ ಹೊರಗಿಡಿ. ಹಳೆಯ ಆಬ್ಜೆಕ್ಟ್ ಫೈಲ್‌ಗಳಿಂದ ಬಿಲ್ಡ್ ಕೆಟ್ಟು ‘ಗಿಟ್ ಕ್ಲೀನ್ -ಎಫ್‌ಡಿಎಕ್ಸ್’ ಹೊಡೆದರೆ ಒಳಗಿರುವ ನಿಮ್ಮ ಸ್ಕ್ರಿಪ್ಟೂ ಅಳಿಸಿಹೋಗುತ್ತದೆ.

ಪುಲ್ ರಿಕ್ವೆಸ್ಟ್‌ಗೆ (ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬೇರೆ ಬ್ರಾಂಚ್ ಮಾಡಿ, ನಿಮ್ಮ ಫೋರ್ಕಿನ ‘ಮೇನ್’ನಿಂದ ಕಳಿಸಬೇಡಿ. ಶೀರ್ಷಿಕೆ ‘ಜಿಎಚ್-’ ಮತ್ತು ವರದಿಯ ಸಂಖ್ಯೆಯಿಂದ ಶುರುವಾಗಬೇಕು, ಇಲ್ಲದಿದ್ದರೆ ಬಾಟ್ ತಡೆಯುತ್ತದೆ. ಮೊದಲ ಸಲ ಕೊಡುಗೆದಾರರ ಒಪ್ಪಂದಕ್ಕೆ ಸಹಿ ಕೇಳುತ್ತದೆ. ಸಹಿ ಮಾಡಿದ ಈಮೇಲೂ ಕಮಿಟ್‌ನಲ್ಲಿರುವ ಈಮೇಲೂ ಬೇರೆ ಬೇರೆಯಾದರೆ ಆ ಪರೀಕ್ಷೆ ಕೆಂಪಾಗಿಯೇ ಉಳಿಯುತ್ತದೆ. ಬಳಕೆದಾರರಿಗೆ ಗೊತ್ತಾಗುವ ಯಾವುದೇ ಬದಲಾವಣೆಗೆ ಸುದ್ದಿ ಫೈಲ್ ಬೇಕು: ‘ಬ್ಲರ್ಬ್’ ಎಂಬ ಉಪಕರಣ ‘ಮಿಸ್ಕ್/ನ್ಯೂಸ್.ಡಿ/ನೆಕ್ಸ್ಟ್’ ಕೆಳಗೆ ಸರಿಯಾದ ವಿಭಾಗದಲ್ಲಿ ಅದನ್ನು ಹುಟ್ಟಿಸುತ್ತದೆ. ಕೋಡಿನಲ್ಲಿ ಏನು ಮಾಡಿದಿರಿ ಎಂಬುದಲ್ಲ, ಬಳಸುವವರಿಗೆ ಏನು ಬದಲಾಯಿತು ಎಂಬುದು ಅಲ್ಲಿ ಒಂದೆರಡು ವಾಕ್ಯದಲ್ಲಿ ಬರಲಿ.

ವಿಮರ್ಶಕರು ಬದಲಾವಣೆ ಕೇಳಿದರೆ ಹೊಸ ಕಮಿಟ್ ಸೇರಿಸಿ. ಫೋರ್ಸ್ ಪುಶ್ ಮಾಡಿದರೆ ಅವರು ಎಲ್ಲಿಯವರೆಗೆ ಓದಿದ್ದರೋ ಆ ಗುರುತು ಹೋಗಿಬಿಡುತ್ತದೆ. ಕೊನೆಗೆ ಎಲ್ಲ ಕಮಿಟ್‌ಗಳನ್ನೂ ಒಂದೇ ಮಾಡಿ ಸೇರಿಸುವುದರಿಂದ ಮಧ್ಯದ ಕಮಿಟ್‌ಗಳು ಅಂದವಾಗಿರಬೇಕಿಲ್ಲ. ತಿದ್ದುಪಡಿ ಮೊದಲು ‘ಮೇನ್’ಗೇ ಹೋಗುತ್ತದೆ. ಬಗ್ ತಿದ್ದುಪಡಿ ಸ್ವೀಕರಿಸುವ ಹಿಂದಿನ ಆವೃತ್ತಿಗಳಿಗೆ ಕೋರ್ ಡೆವಲಪರ್ ಲೇಬಲ್ ಹಚ್ಚಿದರೆ ಬಾಟ್ ತಾನೇ ಬ್ಯಾಕ್‌ಪೋರ್ಟ್ ಮಾಡುತ್ತದೆ. ಸಂಘರ್ಷ ಬಂದರೆ ಮಾತ್ರ ‘ಚೆರ್ರಿ_ಪಿಕರ್’ ಹಿಡಿದು ಕೈಯಿಂದ ಮಾಡಬೇಕು. ತಿಂಗಳು ಕಳೆದರೂ ಯಾರೂ ನೋಡದಿದ್ದರೆ ವಿನಯದಿಂದ ಒಂದು ಸಾಲು ನೆನಪಿಸಿ, ಅದರಲ್ಲಿ ಸಂಕೋಚ ಬೇಡ.

---

ಪದಸಂಖ್ಯೆ

ಎಲ್ಲರಿಗೂ ತುಂಬಾ ಧನ್ಯವಾದ. ಜಾಯ್ನರುಗಳನ್ನು ಸೇರಿಸಿದ ಮೇಲೆ ಎಣಿಕೆ ಸರಿಯಾಯಿತು. ಬಿಲ್ಡ್ ಮುಗಿಯಿತು, ಆದರೆ ಕೊನೆಯಲ್ಲಿ ‘ಈ ಐಚ್ಛಿಕ ಮಾಡ್ಯೂಲ್‌ಗಳಿಗೆ ಬೇಕಾದ ಭಾಗಗಳು ಸಿಗಲಿಲ್ಲ’ ಎಂಬರ್ಥದ ಸಂದೇಶ, ಕೆಳಗೆ _ಬಿಝಡ್2, _ಸಿಟೈಪ್ಸ್, _ಎಸ್‌ಎಸ್‌ಎಲ್ ಹೆಸರುಗಳು. ಇದನ್ನು ಹಾಗೇ ಬಿಡಬಹುದೇ? ಮತ್ತೆ, ‘\ಡಬ್ಲ್ಯು’ ಬದಲಾಗುವುದು ದೂರದ ಮಾತಾದರೆ, ಈಗಲೇ ಕಳಿಸಬಹುದಾದ ಚಿಕ್ಕ ತಿದ್ದುಪಡಿ ಏನಾದರೂ ಇದೆಯೇ?

---

ಮೇಕ್‌ಫೈಲ್

ರೆಜೆಕ್ಸ್ ಕೆಲಸಕ್ಕೆ ಅಡ್ಡಿಯಿಲ್ಲ, ಆದರೆ ಆ ಮಾಡ್ಯೂಲ್‌ಗಳನ್ನು ನೆಚ್ಚಿಕೊಂಡ ಟೆಸ್ಟ್‌ಗಳು ಓಡದೆ ಬಿಟ್ಟುಹೋಗುತ್ತವೆ. ಎಸ್‌ಎಸ್‌ಎಲ್ ಇಲ್ಲದಿದ್ದರೆ ಆ ಪೈಥಾನಿನ ಪಿಪ್ ಕೂಡ ನೆಟ್‌ನಿಂದ ಏನೂ ತರಲಾರದು. ‘ಆಪ್ಟ್’ನಿಂದ ಲಿಬ್‌ಬಿಝಡ್2-ಡೆವ್, ಲಿಬ್‌ಎಫ್‌ಎಫ್‌ಐ-ಡೆವ್, ಲಿಬ್‌ಎಸ್‌ಎಸ್‌ಎಲ್-ಡೆವ್ ಹಾಕಿ. ಪಟ್ಟಿಯಲ್ಲಿ ಇನ್ನೂ ಹೆಸರಿದ್ದರೆ ಲಿಬ್‌ಎಲ್‌ಝಡ್‌ಎಂಎ-ಡೆವ್, ಲಿಬ್‌ಎಸ್‌ಕ್ಯೂಲೈಟ್3-ಡೆವ್, ಲಿಬ್‌ರೀಡ್‌ಲೈನ್-ಡೆವ್ ಕೂಡ. ಹಾಕಿದ ಮೇಲೆ ಬರೀ ‘ಮೇಕ್’ ಸಾಲದು, ‘ಕಾನ್ಫಿಗರ್’ ಮತ್ತೆ ಓಡಿಸಿ. ಯಾವ ಲೈಬ್ರರಿ ಇದೆ, ಯಾವುದಿಲ್ಲ ಎಂದು ಹುಡುಕುವುದು ಅದೇ ಹಂತ.

---

ಅರ್ಕಾವತ್ತು

ಚಿಕ್ಕ ತಿದ್ದುಪಡಿ ಇದೆ, ದಸ್ತಾವೇಜಿನದು. ‘ಇಸ್‌ಆಲ್‌ನಮ್ ಒಪ್ಪುವವು’ ಎಂದು ಬರೆದಿದ್ದರೂ ಹಲಂತ, ಗುಣಿತ ಚಿಹ್ನೆಗಳು ಅದರಲ್ಲಿ ಸೇರುವುದಿಲ್ಲ ಎಂಬುದು ಓದುವವರಿಗೆ ಹೊಳೆಯುವುದಿಲ್ಲ. ‘ಮೇನ್’ ಬ್ರಾಂಚಿನ ‘ಡಾಕ್/ಲೈಬ್ರರಿ/ಆರ್‌ಇ.ಆರ್‌ಎಸ್‌ಟಿ’ ತೆರೆದು ಈಗ ಅಲ್ಲಿ ಏನಿದೆ ಎಂದು ಮೊದಲು ನೋಡಿ. ಈ ಚಿಹ್ನೆಗಳ ಮಾತು ಬಂದಿಲ್ಲದಿದ್ದರೆ ಒಂದೇ ವಾಕ್ಯ ಸೇರಿಸಿ: ಎಂಎನ್, ಎಂಸಿ ವರ್ಗದ ಚಿಹ್ನೆಗಳು ‘\ಡಬ್ಲ್ಯು’ಗೆ ಹೊಂದುವುದಿಲ್ಲ, ಹಾಗಾಗಿ ಭಾರತೀಯ ಲಿಪಿಗಳ ಪದಗಳು ಮಧ್ಯೆ ಮುರಿಯುತ್ತವೆ ಎಂದು. ಇದಕ್ಕೆ ಸಿ ಬೇಡ, ಟೆಸ್ಟ್ ಬೇಡ. ದಸ್ತಾವೇಜಿನ ಸಣ್ಣ ಬದಲಾವಣೆಗೆ ಸುದ್ದಿ ಫೈಲ್ ಕೂಡ ಸಾಮಾನ್ಯವಾಗಿ ಕೇಳುವುದಿಲ್ಲ, ‘ಸ್ಕಿಪ್ ನ್ಯೂಸ್’ ಲೇಬಲ್ ಹಚ್ಚುತ್ತಾರೆ. ‘ಡಾಕ್’ ಫೋಲ್ಡರಿಗೆ ಹೋಗಿ ‘ಮೇಕ್ ವೆನ್ವ್’, ಆಮೇಲೆ ‘ಮೇಕ್ ಎಚ್‌ಟಿಎಂಎಲ್’ ಮಾಡಿ, ಪುಟ ಸರಿಯಾಗಿ ಮೂಡಿದೆಯೇ ಎಂದು ಬ್ರೌಸರಿನಲ್ಲಿ ನೋಡಿ ಕಳಿಸಿ.

ಉದಾಹರಣೆ ಹಾಕುವುದಾದರೆ ‘ಕನ್ನಡ’ ಪದವನ್ನೇ ಹಾಕಿ, ಪಕ್ಕದಲ್ಲಿ ಎಸ್ಕೇಪ್ ರೂಪ ಇರಲಿ. ವಿವರಣೆಯಲ್ಲಿ ಹಳೆಯ ಎರಡು ವರದಿಗಳ ಗಿಟ್‌ಹಬ್ ಸಂಖ್ಯೆ ಕೊಡಿ. ಅವನ್ನು ತೆರೆದು ನೋಡುವವರಿಗೆ ನಿಮ್ಮ ಪುಲ್ ರಿಕ್ವೆಸ್ಟೂ ಅಲ್ಲೇ ಕೆಳಗೆ ಕಾಣುತ್ತದೆ.